ಎರಡನೇ ವಾರ ಯಾರು ಬರುತ್ತಾರೆ?

(ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟ್ ದಿನಗಳ ಒಂದು ಸಂಜೆ, ಮೈಸೂರಿನ ಒಂದು ಕ್ರೈಸ್ತ ಸಭೆಯ ಸ್ತ್ರೀಯರ ಕೂಟ ಮತ್ತು ಯುವಜನರ ಕೂಟದ ಮುಂದೆ ನಿವೃತ್ತ ನರ್ಸ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)

ಒಳ್ಳೆಯ ಸಮಾರ್ಯದವನ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ನಾಟಕ ಆಡದೆ ದೊಡ್ಡವರಾದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಪಾತ್ರ ಹಂಚುವಾಗ ಏನಾಗುತ್ತೆ ಅಂತ ನಿಮಗೇ ಗೊತ್ತು. ಹುಡುಗರೆಲ್ಲರಿಗೂ ಕಳ್ಳರ ಪಾತ್ರ ಬೇಕು, ಹೊಡೆಯಲಿಕ್ಕೆ ಸಿಗುತ್ತಲ್ಲ. ಮಾತು ಚೆನ್ನಾಗಿ ಒಪ್ಪಿಸುವ ಹುಡುಗ ಸಮಾರ್ಯದವನಾಗುತ್ತಾನೆ. ಇಬ್ಬರು ಬೆಡ್‌ಶೀಟ್ ಹೊದ್ದು ಕತ್ತೆ ಆಗುತ್ತಾರೆ. ಕೊನೆಗೆ ಉಳಿಯುವುದು ಛತ್ರದವನ ಪಾತ್ರ. ತಡವಾಗಿ ಬಂದವನಿಗೋ, ನಾಚಿಕೆ ಸ್ವಭಾವದವನಿಗೋ ಅದನ್ನು ಕೊಡುತ್ತಾರೆ. ಅವನಿಗೆ ಒಂದು ಮಾತೂ ಇಲ್ಲ. ದುಡ್ಡು ಇಸ್ಕೊಂಡು ತಲೆ ಆಡಿಸಿದರೆ ನಾಟಕ ಮುಗೀತು.

ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಆ ಛತ್ರದವನ ಬಗ್ಗೆ. ಆದರೆ ಅಲ್ಲಿಗೆ ಹೋಗುವ ಮೊದಲು ದಾರಿಯಲ್ಲಿ ಸ್ವಲ್ಪ ನಿಲ್ಲೋಣ.

ಯೆರೂಸಲೇಮಿನಿಂದ ಯೆರಿಕೋಗೆ 25 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ದೂರ. ಯೆರೂಸಲೇಮ್ ಬೆಟ್ಟದ ಮೇಲಿದೆ, ಯೆರಿಕೋ ಸಮುದ್ರ ಮಟ್ಟಕ್ಕಿಂತಲೂ ಕೆಳಗಿದೆ. ಹೆಚ್ಚುಕಡಿಮೆ 1000 ಮೀಟರ್ ಇಳಿಯಬೇಕು. ಸುತ್ತ ಒಣ ಬೆಟ್ಟ, ತಿರುವು, ಮರೆ. ಕಳ್ಳರಿಗೆ ಹೇಳಿ ಮಾಡಿಸಿದ ಜಾಗ. ಕಥೆಯಲ್ಲಿ ಆ ದಾರಿ ಹಿಡಿದ ಒಬ್ಬನನ್ನು ಕಳ್ಳರು ಹೊಡೆದು, ಅರೆಜೀವ ಮಾಡಿ ಬಿಟ್ಟು ಹೋದರು. ಯಾಜಕ ಬಂದ, ನೋಡಿದ, ಪಕ್ಕಕ್ಕೆ ಸರಿದು ಹೋದ. ದೇವಾಲಯದ ಸೇವಕನಾದ ಲೇವಿಯವನೂ ಹಾಗೇ ಮಾಡಿದ. ಅವರ ಪರವಾಗಿ ಒಂದು ವಾದ ಇದೆ, ನೀವೂ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಸತ್ತ ದೇಹ ಮುಟ್ಟಿದರೆ ಅಶುದ್ಧ, ದೇವಾಲಯದ ಸೇವೆಗೆ ತೊಂದರೆ ಆಗುತ್ತಿತ್ತು, ಪಾಪ ಅವರೇನು ಮಾಡುತ್ತಾರೆ ಅಂತ. ಆದರೆ ಯೇಸು ಸ್ವಾಮಿ ಕಥೆ ಹೇಳುವಾಗ ಯಾಜಕ ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಅಂತಲೇ ಹೇಳುತ್ತಾರೆ. ಇಳಿದು ಬರುತ್ತಿದ್ದ ಅಂದರೆ ದೇವಾಲಯ ಬೆನ್ನ ಹಿಂದೆ ಇತ್ತು. ಸೇವೆ ಮುಗಿಸಿ ಮನೆಗೆ ಹೊರಟಿದ್ದ ಅನ್ನಿ. ಭಾನುವಾರ ಆರಾಧನೆ ಮುಗಿಸಿ ಹನ್ನೊಂದು ಗಂಟೆಗೆ ಮನೆಗೆ ಹೋಗುವ ನಮ್ಮ ಹಾಗೆ. ನಾನು ಜಾಸ್ತಿ ಹೇಳುವುದಿಲ್ಲ.

ಈ ಕಥೆ ಬರೆದಿಟ್ಟ ಲೂಕ ವೈದ್ಯ ಅಂತ ಅಪೊಸ್ತಲ ಪೌಲನೇ ಒಂದು ಪತ್ರದಲ್ಲಿ ಬರೆದಿದ್ದಾನೆ. ಅದಕ್ಕೋ ಏನೋ, ಮುಂದಿನ ಎರಡು ವಚನ ಓದುವಾಗ ನನಗೆ ವಾರ್ಡಿನ ಕೇಸ್ ಶೀಟ್ ಓದಿದ ಹಾಗೆ ಅನಿಸುತ್ತೆ. ಸಮಾರ್ಯದವನು ಹತ್ತಿರ ಹೋದ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದ. ಆ ಕಾಲಕ್ಕೆ ಗಾಯ ತೊಳೆಯಲು ದ್ರಾಕ್ಷಾರಸ, ಉರಿ ತಣಿಯಲು ಎಣ್ಣೆ. ಕಟ್ಟು ಕಟ್ಟಿದ. ತನ್ನ ಸವಾರಿಯ ಮೇಲೆ ಕೂರಿಸಿದ, ಅಂದರೆ ತಾನು ಇಳಿದು ನಡೆದ. ಛತ್ರಕ್ಕೆ ಸೇರಿಸಿದ, ಆರೈಕೆ ಮಾಡಿದ. ಮಾರನೇ ದಿನ ಎರಡು ದಿನಾರಿ ತೆಗೆದು ಛತ್ರದವನಿಗೆ ಕೊಟ್ಟ. ದ್ರಾಕ್ಷಿ ತೋಟದ ಕೂಲಿಯವರ ಕಥೆಯಲ್ಲಿ ಒಂದು ದಿನದ ಕೂಲಿ ಒಂದು ದಿನಾರಿ. ಹಾಗಾದರೆ ಎರಡು ದಿನದ ಕೂಲಿ. ಈಗ ಗಾರೆ ಕೆಲಸದವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ ಅಂತ ನಿಮಗೆ ಗೊತ್ತು, ಗುಣಿಸಿಕೊಳ್ಳಿ. ಆಮೇಲೆ ಹೊರಟು ಹೋದ.

ಹೊರಟು ಹೋದ ಅನ್ನುವುದನ್ನು ನಾವು ಗಮನಿಸುವುದಿಲ್ಲ. ಅವನಿಗೆ ಬೇರೆ ಕೆಲಸ ಇತ್ತು, ಹೋದ. ಕತ್ತೆ ಮಾರಿ ಅಲ್ಲೇ ಕೂತುಕೊಳ್ಳಲಿಲ್ಲ. ಆದರೆ ಹೋಗುವಾಗ ಒಂದು ಮಾತು ಹೇಳಿದ. ಇನ್ನೂ ಖರ್ಚಾದರೆ ಮಾಡು, ನಾನು ವಾಪಸು ಬರುವಾಗ ಕೊಡುತ್ತೇನೆ ಅಂತ. ಆಸ್ಪತ್ರೆಯಲ್ಲಿ ನಾವು ಇದಕ್ಕೆ ಫಾಲೋ ಅಪ್ ಅನ್ನುತ್ತೇವೆ. ಡಿಸ್ಚಾರ್ಜ್ ಕಾರ್ಡಿನ ಕೊನೆಯ ಸಾಲು ಅದು. ಅರ್ಧಕ್ಕರ್ಧ ಜನ ಆ ಸಾಲು ಓದುವುದೇ ಇಲ್ಲ. ಕ್ರಿಸ್ತನ ಪ್ರೀತಿಯನ್ನು ದಿನನಿತ್ಯ ತೋರಿಸುವುದು ಹೇಗೆ ಅಂತ ನನಗೆ ವಿಷಯ ಕೊಟ್ಟಿದ್ದೀರಿ. ಆ ವಾಪಸು ಬರುವ ಭಾಗದಲ್ಲಿ ನಮ್ಮ ಪ್ರೀತಿ ತೀರಾ ಬಡವಾಗಿದೆ ಅನ್ನುವುದು ನನ್ನ ಅನಿಸಿಕೆ.

ಮೊದಲ ಭಾಗ, ಅಂದರೆ ದಾರಿಯಲ್ಲಿ ನಿಲ್ಲುವುದು, ಅದನ್ನು ಬೇಗ ಮುಗಿಸುತ್ತೇನೆ. ಅಪಘಾತ ಆದಾಗ ಜನ ನಿಲ್ಲದೆ ಇರಲು ಒಂದು ಕಾರಣ ಭಯ. ಪೊಲೀಸ್ ಕೇಸು, ಕೋರ್ಟು, ಆಸ್ಪತ್ರೆಯವರು ದುಡ್ಡು ಕಟ್ಟು ಅನ್ನುತ್ತಾರೆ ಅನ್ನುವ ಭಯ. ಈ ಭಯ ಇಟ್ಟುಕೊಳ್ಳಬೇಡಿ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆರವಾದವರಿಗೆ ಕಿರುಕುಳ ಕೊಡಬಾರದು ಅನ್ನುವ ನಿಯಮಗಳಿಗೆ 2016ರಲ್ಲಿ ಅದೇ ಕೋರ್ಟ್ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಹೊಸ ಕಲಂ ಸೇರಿತು. ನೆರವಾದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ. ನಮ್ಮ ರಾಜ್ಯದ್ದೇ ಕಾಯ್ದೆಯೂ ಇದೆ. ಹಾಗೆ ನೆರವಾದವರನ್ನು ಕಾನೂನು ಏನಂತ ಕರೆಯುತ್ತೆ ಗೊತ್ತಾ? ಗುಡ್ ಸಮರಿಟನ್. ಸ್ವಾಮಿ ಹೇಳಿದ ಕಥೆಯ ಪಾತ್ರ ಭಾರತದ ಕಾನೂನು ಪುಸ್ತಕದಲ್ಲಿ ಕೂತಿದೆ. ಬೇರೆಯವರು ನಿಲ್ಲಲಿ ಬಿಡಲಿ, ಈ ಕಥೆ ಕೇಳಿಕೊಂಡು ಬೆಳೆದ ನಾವು ನಿಲ್ಲದಿದ್ದರೆ ಹೇಗೆ?

ಯುವಕರೇ, ನಿಂತಾಗ ಇಷ್ಟು ಮಾಡಿ. 108ಕ್ಕೆ ಫೋನ್ ಮಾಡಿ. ರಕ್ತ ಸೋರುವ ಜಾಗವನ್ನು ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಎರಡು ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕ್ಕೆ ಹೋಗುತ್ತೆ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿರಬಹುದು ಅನಿಸಿದರೆ ಎಳೆದಾಡಬೇಡಿ. ವಿಡಿಯೋ ತೆಗೆಯುವವನ ಕೈಯಿಂದ ಮೊಬೈಲ್ ಇಸ್ಕೊಂಡು ಅದರಲ್ಲೇ 108ಕ್ಕೆ ಮಾಡಿ, ತಪ್ಪಿಲ್ಲ.

ಈಗ ಛತ್ರಕ್ಕೆ ಬರೋಣ.

ನಮ್ಮ ಜನ ಮೊದಲ ದಿನಕ್ಕೆ ಬಹಳ ಒಳ್ಳೆಯವರು. ಸಭೆಯಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದರು ಅಂದರೆ ಸಂಜೆ ನಾಲ್ಕಕ್ಕೆ ವಾರ್ಡು ತುಂಬುತ್ತೆ. ಸೇಬು, ಮೂಸಂಬಿ, ಹಾರ್ಲಿಕ್ಸ್, ಎಳನೀರು. ಸಕ್ಕರೆ ಕಾಯಿಲೆಯವರಿಗೂ ಹಾರ್ಲಿಕ್ಸ್. ಒಬ್ಬರು ಮಂಚದ ಮೇಲೇ ಕೂತುಕೊಳ್ಳುತ್ತಾರೆ. ಇನ್ನೊಬ್ಬರು ಡ್ರಿಪ್ ಪೈಪಿನ ಮೇಲೆ ಕೈ ಊರುತ್ತಾರೆ. ಮತ್ತೊಬ್ಬರು, ನಮ್ಮ ಭಾವನಿಗೂ ಇದೇ ಆಗಿತ್ತು, ಪಾಪ ಉಳೀಲಿಲ್ಲ ಅನ್ನುತ್ತಾರೆ. ನಗಬೇಡಿ, ಇದನ್ನೆಲ್ಲ ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹೇಗೂ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ರೋಗಿಯನ್ನು ನೋಡಲು ಹೋದರೆ ಹತ್ತು ನಿಮಿಷ ಸಾಕು. ಕೈ ತೊಳೆದು ಹೋಗಿ. ನಿಮಗೇ ಕೆಮ್ಮು ನೆಗಡಿ ಇದ್ದರೆ ಹೋಗಬೇಡಿ. ಪ್ರಾರ್ಥನೆ ಮಾಡಬೇಕು ಅನಿಸಿದರೆ ಕೇಳಿ ಮಾಡಿ, ಮೆಲ್ಲಗೆ ಮಾಡಿ. ಪಕ್ಕದ ಮಂಚದಲ್ಲಿ ಇನ್ನೊಬ್ಬರು ಆಗಷ್ಟೇ ಕಣ್ಣು ಮುಚ್ಚಿರುತ್ತಾರೆ. ದೇವರಿಗೆ ಮೆಲ್ಲಗೆ ಹೇಳಿದರೂ ಕೇಳುತ್ತೆ.

ಮೊದಲ ದಿನ ಹೀಗೆ. ಎರಡನೇ ವಾರ ಯಾರು ಬರುತ್ತಾರೆ?

ಲಕ್ವ ಹೊಡೆದ ಒಬ್ಬರು ಹಿರಿಯರನ್ನು ಡಿಸ್ಚಾರ್ಜ್ ಮಾಡಿ ಮನೆಗೆ ಕಳಿಸಿದರು ಅಂತ ಇಟ್ಟುಕೊಳ್ಳಿ. ಒಂದು ಕಡೆಯ ಕೈಕಾಲು ಬಿದ್ದುಹೋಗಿದೆ. ಮಾತು ತೊದಲುತ್ತೆ. ಮನೆಯಲ್ಲಿ ಏನೇನು ನಡೆಯಬೇಕು ಗೊತ್ತಾ? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲು ಮಾತ್ರ ಅಲ್ಲ, ರಾತ್ರಿಯೂ. ಇಲ್ಲದಿದ್ದರೆ ಬೆನ್ನ ಕೆಳಗೆ ಹುಣ್ಣಾಗುತ್ತೆ. ಒಮ್ಮೆ ಹುಣ್ಣು ಬಿದ್ದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಊಟ ಕೊಡುವಾಗ ಎಬ್ಬಿಸಿ ಕೂರಿಸಬೇಕು, ಊಟ ಆದ ಮೇಲೂ ಅರ್ಧ ಗಂಟೆ ಕೂರಿಸಿಯೇ ಇರಬೇಕು. ಮಲಗಿಸಿ ಗಂಜಿ ಹಾಕಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ. ಮೂತ್ರದ ಚೀಲ ಖಾಲಿ ಮಾಡಬೇಕು. ಬಟ್ಟೆ ಬದಲಿಸಬೇಕು. ಮೈ ಒರೆಸಬೇಕು. ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು. ಜೊತೆಗೆ ಅವರ ಸಿಟ್ಟು ಸಹಿಸಬೇಕು. ನಿನ್ನೆ ತನಕ ಮನೆ ನಡೆಸಿದವರು ಇವತ್ತು ಚಡ್ಡಿ ಬದಲಿಸಲು ಸೊಸೆಯ ಕೈ ನೋಡಬೇಕು ಅಂದರೆ ಸಿಟ್ಟು ಬರದೆ ಇರುತ್ತಾ?

ಸೊಸೆ ಅಂದೆ ನೋಡಿ. ಮಗ ಅನ್ನಲಿಲ್ಲ. ಬಾಯಿಗೆ ತಾನಾಗಿ ಅದೇ ಬಂತು. ನಾನು ಕಂಡ ಮನೆಗಳಲ್ಲಿ ಆ ಕೆಲಸ ಸೊಸೆಯದ್ದೋ ಮಗಳದ್ದೋ ಹೆಂಡತಿಯದ್ದೋ ಆಗಿರುತ್ತೆ. ಮಗ ಔಷಧಿ ತಂದುಕೊಟ್ಟು, ಬಂದವರ ಹತ್ತಿರ ಕಾಯಿಲೆ ಬಗ್ಗೆ ಮಾತಾಡುತ್ತಾನೆ. ಗಂಡಸರು ಬೇಜಾರು ಮಾಡಿಕೊಳ್ಳಬೇಡಿ. ಅಥವಾ ಸ್ವಲ್ಪ ಮಾಡಿಕೊಳ್ಳಿ, ಪರವಾಗಿಲ್ಲ.

ಆ ಸೊಸೆಯೇ ಛತ್ರದವಳು. ಗಾಯಾಳು ರಾತ್ರಿ ನರಳಿದಾಗ ಎದ್ದವಳು. ಕಥೆಯಲ್ಲಿ ಅವಳಿಗೆ ಮಾತಿಲ್ಲ.

ನನಗೆ ಗೊತ್ತಿದ್ದ ಅಂಥದ್ದೇ ಒಂದು ಮನೆ ಇತ್ತು. ಸೊಸೆ ತಿಂಗಳುಗಟ್ಟಲೆ ಆರಾಧನೆಗೆ ಬರಲಿಲ್ಲ. ಅವಳಿಗೆ ಈಚೆಗೆ ಭಕ್ತಿ ಕಡಿಮೆಯಾಗಿದೆ ಅಂತ ಒಬ್ಬರು ಹೇಳಿದರು. ನನಗೆ ಮೈ ಉರಿಯಿತು. ಆಮೇಲೆ ಅದೇ ಸಭೆಯ ಒಬ್ಬರು ಆಂಟಿ, ಹೆಚ್ಚು ಓದಿದವರಲ್ಲ, ವೇದಿಕೆ ಹತ್ತಿದವರಲ್ಲ, ಆ ಮನೆಗೆ ಹೋಗಿ ಸೊಸೆಯ ಹತ್ತಿರ ಹೇಳಿದರು. "ನೋಡಮ್ಮಾ, ಗುರುವಾರ ಮೂರು ಗಂಟೆಗೆ ಬರ್ತೀನಿ. ಐದರ ತನಕ ಇರ್ತೀನಿ. ಅವರನ್ನ ಮಗ್ಗುಲು ಹೊರಳಿಸೋದು ಹೇಗೆ ಅಂತ ತೋರಿಸಿಕೊಡು. ನೀನು ಎಲ್ಲಿಗಾದ್ರೂ ಹೋಗಿ ಬಾ." ಹೇಳಿದ ಹಾಗೇ ಗುರುವಾರ ಬಂದರು. ಅದರ ಮುಂದಿನ ಗುರುವಾರವೂ ಬಂದರು.

ಮೊದಲ ದಿನ ಸೊಸೆ ಬ್ಯಾಗು ತಗೊಂಡು ಹೋದಳು, ಖಾಲಿ ಕೈಯಲ್ಲಿ ವಾಪಸು ಬಂದಳು. ಏನೂ ತರಲಿಲ್ವಾ ಅಂತ ಆಂಟಿ ಕೇಳಿದರೆ, "ಇಲ್ಲ ಆಂಟಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸುಮ್ನೆ ಕೂತಿದ್ದೆ" ಅಂದಳಂತೆ.

ಈಗ ನಾವು ಹೇಳುವ ಮಾತಿಗೂ ಆ ಆಂಟಿಯ ಮಾತಿಗೂ ಇರುವ ವ್ಯತ್ಯಾಸ ನೋಡಿ. ನಾವು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಏನಾದ್ರೂ ಬೇಕಿದ್ರೆ ಹೇಳಿ, ಸಂಕೋಚ ಮಾಡ್ಕೋಬೇಡಿ" ಅನ್ನುತ್ತೇವೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಏನು ಬೇಕು ಅಂತ ಯೋಚಿಸುವುದು, ಯಾರನ್ನು ಕೇಳಬೇಕು ಅಂತ ಆರಿಸುವುದು, ಫೋನ್ ಮಾಡಿ ಬಾಯಿ ಬಿಟ್ಟು ಕೇಳುವುದು, ಇಲ್ಲ ಅಂದರೆ ನುಂಗಿಕೊಳ್ಳುವುದು, ಎಲ್ಲ ಕೆಲಸವನ್ನೂ ಮೊದಲೇ ಸುಸ್ತಾದವರ ತಲೆ ಮೇಲೆ ಹಾಕಿ ಬಂದೆವು. ಅವರು ಕೇಳುವುದಿಲ್ಲ, ನಾವು ಹೋಗುವುದಿಲ್ಲ. ಆದರೂ ಇಬ್ಬರಿಗೂ ನಾವು ಸಹಾಯಕ್ಕೆ ಸಿದ್ಧ ಇದ್ದೆವು ಅನಿಸುತ್ತೆ. ಆಂಟಿ ಹಾಗಲ್ಲ. ದಿನ ಹೇಳಿದರು, ಗಂಟೆ ಹೇಳಿದರು, ಎಷ್ಟು ಹೊತ್ತು ಅಂತ ಹೇಳಿದರು. ಯಾಕೋಬನ ಪತ್ರ ಎರಡನೇ ಅಧ್ಯಾಯದಲ್ಲಿ ಇದೇ ಇದೆ. ಬಟ್ಟೆ ಇಲ್ಲದವರಿಗೆ, ಊಟ ಇಲ್ಲದವರಿಗೆ, ಹೋಗಿ ಬನ್ನಿ, ಬೆಚ್ಚಗಿರಿ, ಹೊಟ್ಟೆ ತುಂಬಾ ಉಣ್ಣಿ ಅಂತ ಬಾಯಲ್ಲಿ ಹೇಳಿ ಕೈಯಲ್ಲಿ ಏನೂ ಕೊಡದಿದ್ದರೆ ಏನು ಬಂತು ಅಂತ ಕೇಳುತ್ತಾನೆ. ಚಪ್ಪಲಿ ಹಾಕಿಕೊಳ್ಳುತ್ತಾ ಮಾತಾಡುವವರನ್ನು ಯಾಕೋಬನೂ ನೋಡಿದ್ದ ಅಂತ ಕಾಣುತ್ತೆ.

ಸಭೆಯ ಹಳೇ ಚರಿತ್ರೆಯಲ್ಲೂ ಇದೇ ಕಥೆ. ಮೂರನೇ ಶತಮಾನದ ನಡುವೆ ರೋಮ್ ಸಾಮ್ರಾಜ್ಯದಲ್ಲಿ ದೊಡ್ಡ ಸಾಂಕ್ರಾಮಿಕ ರೋಗ ಹಬ್ಬಿತು. ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನೀಸಿಯಸ್ ಆ ದಿನಗಳ ಬಗ್ಗೆ ಪತ್ರ ಬರೆದಿದ್ದಾರೆ. ಜನ ಕಾಯಿಲೆ ಬಿದ್ದ ತಮ್ಮವರನ್ನೇ ದೂರ ಮಾಡುತ್ತಿದ್ದಾಗ ಕ್ರೈಸ್ತರು ರೋಗಿಗಳ ಪಕ್ಕ ಕೂತು ನೋಡಿಕೊಂಡರು, ಹಾಗೆ ನೋಡಿಕೊಂಡವರಲ್ಲಿ ಎಷ್ಟೋ ಜನ ತಾವೇ ಸತ್ತರು ಅಂತ. ಅವರ ಹತ್ತಿರ ಔಷಧಿ ಏನಿತ್ತು? ಏನೂ ಇರಲಿಲ್ಲ. ನೀರು ಕುಡಿಸುವುದು, ಗಂಜಿ ಕೊಡುವುದು, ಮೈ ಒರೆಸುವುದು. ನರ್ಸ್ ಆಗಿ ಹೇಳುತ್ತೇನೆ, ಇದನ್ನು ಕಡಿಮೆ ಅಂದುಕೊಳ್ಳಬೇಡಿ. ವಾಂತಿ ಭೇದಿಯಲ್ಲಿ, ಜ್ವರದಲ್ಲಿ, ಎದ್ದು ನೀರು ಕುಡಿಯಲಾಗದೆ ಸಾಯುವವರು ಎಷ್ಟೋ ಜನ. ಹತ್ತಿರ ಒಬ್ಬರು ಲೋಟ ಹಿಡಿದು ಕೂತಿದ್ದರೆ ಅಂಥವರು ಬದುಕುತ್ತಾರೆ. ನೂರು ವರ್ಷದ ಮೇಲೆ, 362ರ ಹೊತ್ತಿಗೆ, ಜೂಲಿಯನ್ ಅನ್ನುವ ಚಕ್ರವರ್ತಿ ಹಳೇ ದೇವತೆಗಳ ಪೂಜೆಯನ್ನು ಮತ್ತೆ ಬೆಳೆಸಲು ಹೊರಟ. ಅವನಿಗೆ ನಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ಅವನೇ ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಗೊಣಗುತ್ತಾನೆ. ಈ ಗಲಿಲಾಯದವರು, ಅಂದರೆ ಕ್ರೈಸ್ತರು, ತಮ್ಮ ಬಡವರನ್ನಷ್ಟೇ ಅಲ್ಲ, ನಮ್ಮ ಬಡವರನ್ನೂ ಸಾಕುತ್ತಾರೆ, ನಮಗೆ ನಾಚಿಕೆ ಆಗಬೇಕು ಅಂತ. ನಮ್ಮ ಬಗ್ಗೆ ಬೈಗುಳ ಬಂದರೆ ಇಂಥ ಬೈಗುಳ ಬರಬೇಕು.

ನಮ್ಮ ಹತ್ತಿರದ್ದೇ ಹೇಳುತ್ತೇನೆ. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ನಿಮಗೆಲ್ಲ ಗೊತ್ತು. ಆಗಸ್ಟಸ್ ಮುಲ್ಲರ್ ಜರ್ಮನಿಯ ಜೆಸ್ವಿಟ್ ಪಾದ್ರಿ. 1878ರಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಬಡವರಿಗೆ ಹೋಮಿಯೋಪಥಿ ಮಾತ್ರೆ ಕೊಡಲು ಶುರು ಮಾಡಿದರು, ಆಲದ ಮರದ ಕೆಳಗೆ ಅಂತ ಹೇಳುತ್ತಾರೆ. ಜನ ಆ ಮರದ ಕಥೆ ಹೇಳುತ್ತಾರೆ, ಈಗಿನ ದೊಡ್ಡ ಕಟ್ಟಡ ನೋಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ನಡುವಿನ ಒಂದು ವಿಷಯದ ಮೇಲೆ. 1890ರಲ್ಲಿ ಅವರು ಕುಷ್ಠ ರೋಗಿಗಳಿಗೆ ಒಂದು ಆಶ್ರಯ ತೆರೆದರು. ಕುಷ್ಠಕ್ಕೆ ನಿಜವಾಗಿ ಕೆಲಸ ಮಾಡುವ ಔಷಧಿ ಬಂದದ್ದು ಯಾವಾಗ? 1940ರ ದಶಕದಲ್ಲಿ. ಮುಲ್ಲರ್ 1910ರಲ್ಲೇ ತೀರಿಕೊಂಡಿದ್ದರು. ಹಾಗಾದರೆ ಆ ಐವತ್ತು ವರ್ಷ ಅಂಥ ಆಶ್ರಯಗಳಲ್ಲಿ ಏನು ನಡೆಯುತ್ತಿತ್ತು? ಗಾಯ ತೊಳೆಯುವುದು, ಕಟ್ಟು ಕಟ್ಟುವುದು, ಊಟ ಹಾಕುವುದು. ನಾಳೆ ಮತ್ತೆ ಅದನ್ನೇ. ವಾಸಿಯಾಗುವುದಿಲ್ಲ ಅಂತ ಗೊತ್ತಿದ್ದೂ ನಾಳೆ ಮತ್ತೆ ಅದೇ ಕಟ್ಟು ಬಿಚ್ಚಿ ಕಟ್ಟುವುದು.

ಕುಷ್ಠ ಅಂದಾಗ ಗ್ರಹಾಂ ಸ್ಟೇನ್ಸ್ ನೆನಪಾಗುತ್ತಾರೆ. ಆಸ್ಟ್ರೇಲಿಯಾದವರು, ಒಡಿಶಾದ ಬಾರಿಪದದಲ್ಲಿ ಕುಷ್ಠ ರೋಗಿಗಳ ಮಧ್ಯೆ ಇದ್ದವರು. 1999ರ ಜನವರಿ 22ರ ರಾತ್ರಿ ಮನೋಹರಪುರ ಅನ್ನುವ ಹಳ್ಳಿಯಲ್ಲಿ ಅವರನ್ನೂ ಇಬ್ಬರು ಗಂಡು ಮಕ್ಕಳನ್ನೂ ಜೀಪಿನೊಳಗೆ ಸುಟ್ಟರು. ಅವರ ಹೆಂಡತಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದರು. ಆ ಮಾತನ್ನು ನಾವು ಪ್ರಸಂಗಗಳಲ್ಲಿ ಬಹಳ ಸಲ ಹೇಳುತ್ತೇವೆ. ಆದರೆ ಆ ಮಾತಿನ ಮುಂದಿನ ವಾರ ಅವರು ಎಲ್ಲಿದ್ದರು? ಬಾರಿಪದದಲ್ಲೇ. ಮಗಳನ್ನು ಕರೆದುಕೊಂಡು ವಿಮಾನ ಹತ್ತಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. 2004ರ ತನಕ ಅಲ್ಲೇ ಇದ್ದು ರೋಗಿಗಳನ್ನು ನೋಡಿಕೊಂಡರು. ಮಾರನೇ ವರ್ಷ ಸರ್ಕಾರ ಪದ್ಮಶ್ರೀ ಕೊಟ್ಟಿತು. ಕ್ಷಮಿಸಿದ್ದೇನೆ ಅನ್ನಲು ಒಂದು ನಿಮಿಷ ಸಾಕು. ಅವರು ಅದನ್ನು ಐದು ವರ್ಷ ಬದುಕಿ ತೋರಿಸಿದರು.

ನಾವೆಲ್ಲ ಬಾರಿಪದಕ್ಕೆ ಹೋಗಬೇಕಾಗಿಲ್ಲ. ನಮ್ಮ ಮನೆ ಬಾಗಿಲಿಗೇ ಬರೋಣ. ಈಗ ಸ್ವಲ್ಪ ಕಹಿ ಮಾತು.

ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ, ಕೈಲಾದವರು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ಹೆಚ್ಚಾಗಿ ಹೆಂಗಸು. ಹನ್ನೆರಡು ಗಂಟೆ ಕೆಲಸ. ನಮ್ಮ ಅಮ್ಮನ ಮಲ ಮೂತ್ರ ತೆಗೆಯುವವಳು ಅವಳು. ಅವಳಿಗೆ ಕಾಫಿ ಯಾವ ಲೋಟದಲ್ಲಿ ಕೊಡುತ್ತೀರಿ? ಊಟಕ್ಕೆ ಎಲ್ಲಿ ಕೂರಿಸುತ್ತೀರಿ? ಸಂಬಳ ಒಂದನೇ ತಾರೀಕು ಕೊಡುತ್ತೀರಾ, ಅಥವಾ ಹತ್ತಾದರೂ ನಾಳೆ ನೋಡೋಣ ಅನ್ನುತ್ತೀರಾ? ಭಾನುವಾರ ಅವಳಿಗೆ ರಜೆ ಇದೆಯಾ, ಅವಳಿಗೂ ಹೋಗಬೇಕಾದ ಚರ್ಚೋ ದೇವಸ್ಥಾನವೋ ಇದ್ದೀತು ಅಲ್ವಾ? ನಾವು ಇಲ್ಲಿ ಹಾಡು ಹೇಳಲು ಬರುವುದೇ ಅವಳು ಅಲ್ಲಿ ಕೂತಿರುವುದರಿಂದ.

ನಿನ್ನ ಹಾಗೆಯೇ ನಿನ್ನ ನೆರೆಯವನನ್ನು ಪ್ರೀತಿಸು ಅನ್ನುವುದು ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯದ 18ನೇ ವಚನ. ಸ್ವಾಮಿ ಎತ್ತಿ ಹೇಳಿದ ಮಾತು, ಕ್ಯಾಲೆಂಡರುಗಳಲ್ಲಿ ಹೂವಿನ ಚಿತ್ರದ ಮೇಲೆ ಬರುವ ಮಾತು. ಮನೆಗೆ ಹೋಗಿ ಅದಕ್ಕಿಂತ ಐದು ವಚನ ಹಿಂದಕ್ಕೆ ಓದಿ. 13ನೇ ವಚನ. ಕೂಲಿಯವನ ಕೂಲಿ ಒಂದು ರಾತ್ರಿಯೂ ನಿನ್ನ ಹತ್ತಿರ ಉಳಿಯಬಾರದು ಅಂತ ಇದೆ. ಇನ್ನೂ ಹಿಂದೆ ಹೋದರೆ, ಹೊಲ ಕೊಯ್ಯುವಾಗ ಅಂಚನ್ನು ಬಿಡು, ಬಿದ್ದ ತೆನೆ ಆರಿಸಬೇಡ, ಅದು ಬಡವರದ್ದು, ಪರದೇಶಿಗಳದ್ದು. ಪ್ರೀತಿಯ ಮಾತು ಬರುವ ಮೊದಲೇ ಲೆಕ್ಕ ಚುಕ್ತಾ ಆಗಬೇಕು. ತೆನೆ ಆರಿಸಲು ಬಂದ ಪರದೇಶದ ವಿಧವೆ ರೂತಳಿಗೆ ಬೋವಜ ತೆನೆ ಬಿಟ್ಟುಕೊಟ್ಟ, ಅದು ನೆನಪಿದೆ. ಊಟದ ಹೊತ್ತಿಗೆ ಹತ್ತಿರ ಕರೆದು, ಕೊಯ್ಯುವವರ ಸಾಲಿನಲ್ಲೇ ಕೂರಿಸಿ ಊಟ ಮಾಡಿಸಿದ್ದು ನೆನಪಿದೆಯಾ?

ಲೋಟದ ಮಾತು ಎತ್ತಿದ್ದೇನೆ, ಪೂರ್ತಿ ಮುಗಿಸುತ್ತೇನೆ. ನಮ್ಮಲ್ಲಿ ಜಾತಿ ಇಲ್ಲ ಅಂತ ವೇದಿಕೆಯಲ್ಲಿ ಹೇಳುತ್ತೇವೆ. ಮದುವೆ ಮಾತುಕತೆ ಬಂದಾಗ, ಮೂಲ ಯಾವ ಕಡೆಯವರು, ಅಜ್ಜ ಏನು ಮಾಡುತ್ತಿದ್ದರು ಅಂತ ಸುತ್ತಿ ಬಳಸಿ ವಿಚಾರಿಸುತ್ತೇವೆ. ಯಾಕೆ ವಿಚಾರಿಸುತ್ತೇವೆ ಅಂತ ಇಬ್ಬರಿಗೂ ಗೊತ್ತಿರುತ್ತೆ. ಅದೇ ಮದುವೆಯಲ್ಲಿ ಪ್ರೀತಿಯ ಬಗ್ಗೆ ಇರುವ ಒಂದನೇ ಕೊರಿಂಥ 13 ಓದುತ್ತೇವೆ. ಆ ಅಧ್ಯಾಯವನ್ನು ಪೌಲ ಮದುವೆಗೆ ಬರೆದದ್ದಲ್ಲ. ಎರಡು ಅಧ್ಯಾಯ ಹಿಂದೆ ನೋಡಿ, ಕರ್ತರ ಭೋಜನಕ್ಕೆ ಕೂಡಿದಾಗ ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಮತ್ತೇರಿದ್ದಾನೆ, ಇಲ್ಲದವರನ್ನು ನಾಚಿಸುತ್ತೀರಾ ಅಂತ ಗದರಿಸುತ್ತಾನೆ. ಊಟದ ಸಾಲಿನಲ್ಲಿ ಭೇದ ಮಾಡಿದ ಸಭೆಗೆ ಬರೆದ ಅಧ್ಯಾಯ ಅದು.

ಯುವಜನರಿಗೆ ಒಂದು ಕೆಲಸ ಹೇಳುತ್ತೇನೆ. ಕ್ಷಯದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತೆ, ಮೈಗೆ ಬಲ ಬರುತ್ತೆ. ವಾಸಿ ಆಯ್ತು ಅಂತ ಮಾತ್ರೆ ಬಿಟ್ಟುಬಿಡುತ್ತಾರೆ. ಆಗ ರೋಗ ಮದ್ದಿಗೆ ಬಗ್ಗದ ಹಾಗೆ ತಿರುಗಿ ಬರಬಹುದು. ಮಾತ್ರೆ ಸರ್ಕಾರ ಪುಕ್ಕಟೆ ಕೊಡುತ್ತೆ. ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಕ್ಷಯಕ್ಕೂ ಹಸಿವಿಗೂ ಹಳೇ ನಂಟು, ಅಷ್ಟರಲ್ಲಿ ಸಾಲದು. ಅದಕ್ಕೆ 2022ರಲ್ಲಿ ನಿ-ಕ್ಷಯ ಮಿತ್ರ ಅಂತ ಒಂದು ಯೋಜನೆ ಶುರುವಾಯಿತು. ಯಾರು ಬೇಕಾದರೂ, ಒಬ್ಬರಾಗಲಿ ಒಂದು ಕೂಟವಾಗಲಿ, ಹೆಸರು ಬರೆಸಿಕೊಂಡು, ಒಪ್ಪಿದ ರೋಗಿಗೆ ಚಿಕಿತ್ಸೆ ಮುಗಿಯುವ ತನಕ ತಿಂಗಳು ತಿಂಗಳು ಆಹಾರದ ಕಿಟ್ ಕೊಡಬಹುದು. ಬೇಳೆ, ಧಾನ್ಯ, ಎಣ್ಣೆ, ಕಡಲೇಕಾಯಿ, ಹಾಲಿನ ಪುಡಿ, ಇಂಥದ್ದು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ಕ್ರಿಸ್ಮಸ್ ದಿನ ಒಂದು ಸಲ ಕೇಕ್ ಹಂಚುವುದಕ್ಕಿಂತ ಇದು ಕಷ್ಟ. ಮೂರನೇ ತಿಂಗಳು ಬೇಜಾರು ಬರುತ್ತೆ. ಮೂರನೇ ತಿಂಗಳೇ ರೋಗಿಗೂ ಬೇಜಾರು ಬರುವ ತಿಂಗಳು.

ಎರಡು ಷರತ್ತು. ಕಿಟ್ ಕೊಡುವ ಫೋಟೋ ತೆಗೆದು ವಾಟ್ಸಾಪಿಗೆ ಹಾಕಬೇಡಿ. ರೋಗಿಗೆ ಅಲ್ಲದಿದ್ದರೂ ಅವರ ಮಗಳಿಗೆ ಮದುವೆ ಆಗಬೇಕಾಗಿದೆ, ಊರಿಗೆ ಡಂಗುರ ಬೇಕಾಗಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂದರು ಸ್ವಾಮಿ, ನಾವು ಎಡಗೈಯಲ್ಲಿ ಸೆಲ್ಫಿ ತೆಗೆಯುತ್ತೇವೆ. ಎರಡನೆಯದು, ಕಿಟ್ ಒಳಗೆ ಕರಪತ್ರ ಇಡಬೇಡಿ. ಇದಕ್ಕೆ ಒಪ್ಪದವರು ಇಲ್ಲಿ ಇದ್ದೀರಿ, ಗೊತ್ತು. ಸುವಾರ್ತೆ ಹೇಳಬಾರದಾ ಅಂತ ಕೇಳುತ್ತೀರಿ. ಯಾರಾದರೂ ಕೇಳಿದರೆ ಸಂತೋಷವಾಗಿ ಹೇಳಿ. ಆದರೆ ಹಸಿದವರ ಕೈಗೆ ಬೇಳೆ ಜೊತೆ ಕರಪತ್ರ ಕೊಟ್ಟರೆ ಅವರು ಬೇಡ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಬೇಡ ಅನ್ನಲಾಗದವರ ಹತ್ತಿರ ಆಡುವ ಮಾತು ಸುವಾರ್ತೆ ಆಗುವುದಿಲ್ಲ. ಸಮಾರ್ಯದವರ ಪೂಜೆಯ ಬೆಟ್ಟ ಬೇರೆ, ಯೆಹೂದ್ಯರದ್ದು ಬೇರೆ, ಆದರೂ ಸಮಾರ್ಯದವನು ಗಾಯಾಳುವಿನ ಹತ್ತಿರ ಯಾವ ಬೆಟ್ಟದಲ್ಲಿ ಪೂಜೆ ಮಾಡ್ತೀಯಾ ಅಂತ ಕೇಳಲಿಲ್ಲ.

ಅಂದ ಹಾಗೆ ಆ ಕಥೆಯಲ್ಲಿ ಸಹಾಯ ಮಾಡಿದವನು ನಮ್ಮವನಲ್ಲ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಕೇಳುತ್ತಾ ಕೂತ ಯೆಹೂದ್ಯರಿಗೆ ಸ್ವಾಮಿ ಹೇಳಿದ್ದು, ಬಿದ್ದವನು ನೀನು, ಎತ್ತುವವನು ನಿನಗೆ ಬೇಡವಾದವನು ಅಂತ. ನಾವು ಕೊಡುವುದನ್ನು ಮಾತ್ರ ಕಲಿತಿದ್ದೇವೆ, ಇಸ್ಕೊಳ್ಳುವುದನ್ನು ಕಲಿತಿಲ್ಲ. ನಮ್ಮ ಮನೆಯಲ್ಲಿ ಸಾವಾದಾಗ ಪಕ್ಕದ ಮನೆಯ ಹಿಂದೂ ಅಕ್ಕನೋ ಎದುರು ಮನೆಯ ಮುಸ್ಲಿಂ ಅಮ್ಮನೋ ಅನ್ನ ಸಾರು ತಂದರೆ ಎರಡೂ ಕೈಯಲ್ಲಿ ಇಸ್ಕೊಳ್ಳಿ, ಉಣ್ಣಿ. ಕ್ರಿಸ್ಮಸ್ಸಿಗೆ ಕಜ್ಜಾಯ ಕಳಿಸುತ್ತೀರಿ, ಅವರ ಹಬ್ಬದ ಒಬ್ಬಟ್ಟು ಬಂದಾಗ ತಟ್ಟೆ ಪಕ್ಕಕ್ಕಿಡಬೇಡಿ.

ಮುಂದಿನ ಸಾಲಿನಲ್ಲಿ ಕೂತ ಅಕ್ಕ ಒಬ್ಬರು ಆಗಲೇ ಕೇಳಿದರು. ಹೀಗೆ ಎಲ್ಲರಿಗೂ ಮಾಡುತ್ತಾ ಹೋದರೆ ನಾವೇ ಹಾಸಿಗೆ ಹಿಡಿಯುತ್ತೇವೆ, ಮನೆ ಯಾರು ನೋಡುತ್ತಾರೆ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೇ ಸಮಾರ್ಯದವನು ಹೊರಟು ಹೋದ ಅಂತ ಒತ್ತಿ ಹೇಳಿದ್ದು. ಮಾರ್ಕನ ಮೊದಲ ಅಧ್ಯಾಯದಲ್ಲಿ ಕಪೆರ್ನೌಮಿನ ಜನರೆಲ್ಲ ಸ್ವಾಮಿಯನ್ನು ಹುಡುಕುತ್ತಿದ್ದರು. ಅವರು ಬೆಳಗಿನ ಜಾವ ಎದ್ದು ಒಬ್ಬರೇ ಪ್ರಾರ್ಥನೆಗೆ ಹೋಗಿದ್ದರು. ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಅಂತ ಪೇತ್ರ ಹೇಳಿದರೆ, ಬೇರೆ ಊರಿಗೆ ಹೋಗೋಣ ಅಂದರು. ಕರೆದ ಕಡೆಗೆಲ್ಲ ಅವರೂ ಹೋಗಲಿಲ್ಲ. ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ತಪ್ಪಿಹೋಗುತ್ತಿದೆ ಅಂತ ಗೊಣಗಾಟ ಎದ್ದಿತು. ಅಪೊಸ್ತಲರು, ಅಂದರೆ ಸ್ವಾಮಿ ಆರಿಸಿದ ಶಿಷ್ಯರು, ಎಲ್ಲವನ್ನೂ ತಾವೇ ಮೈಮೇಲೆ ಎಳೆದುಕೊಳ್ಳಲಿಲ್ಲ. ಏಳು ಜನರನ್ನು ಆರಿಸಿ ಕೆಲಸ ಹಂಚಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳು. ದೂರು ಯಾರ ಕಡೆಯಿಂದ ಬಂತೋ ಅವರ ಭಾಷೆಯವರ ಕೈಗೇ ಸೌಟು ಕೊಟ್ಟರು ಅಂತ ನಾನು ಓದಿಕೊಳ್ಳುತ್ತೇನೆ. ಒಬ್ಬರೇ ಎಲ್ಲ ಮಾಡಿದರೆ ಸುಸ್ತು. ಪಟ್ಟಿ ಹಾಕಿಕೊಂಡು ಮಾಡಿದರೆ ವಾರಕ್ಕೆ ಎರಡು ಗಂಟೆ, ಅಷ್ಟೇ.

ಅದಕ್ಕೆ ಹಿಂದೆ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೂರು ಮನೆ ಇವೆ, ಮೂರು ಮನೆಯವರ ಒಪ್ಪಿಗೆ ಕೇಳಿದ್ದೇನೆ. ಹಾಸಿಗೆ ಹಿಡಿದವರ ಹೆಸರು, ಕಾಯಿಲೆ ಬರೆದಿಲ್ಲ. ವಾರ, ಗಂಟೆ ಮಾತ್ರ ಇದೆ. ನಿಮ್ಮ ಹೆಸರು, ಫೋನ್ ನಂಬರ್ ಬರೆಯಿರಿ. ಮಗ್ಗುಲು ಹೊರಳಿಸುವುದು, ಊಟ ಮಾಡಿಸುವುದು ಬರುವ ಶನಿವಾರ ಇದೇ ಹಾಲಿನಲ್ಲಿ ಹೇಳಿಕೊಡುತ್ತೇನೆ. ಯಾರಾದರೂ ರೋಗಿಯ ಹಾಗೆ ಮಲಗಲು ಬೇಕು, ಸ್ವಲ್ಪ ತೂಕ ಇರುವವರಾದರೆ ಒಳ್ಳೆಯದು. ಎರಡನೇ ಮನೆಯಲ್ಲಿ ಸ್ನಾನದ ದಿನ ಎತ್ತಿ ಕೂರಿಸಲು ಶಕ್ತಿ ಇರುವ ಗಂಡು ಹುಡುಗರು ಇಬ್ಬರು ಬೇಕು, ಬುಧವಾರ ಬೆಳಿಗ್ಗೆ ಏಳಕ್ಕೆ. ಬರಲಿಕ್ಕೆ ಆಗದ ವಾರ ಪಟ್ಟಿಯಲ್ಲಿ ಇನ್ನೊಬ್ಬರಿಗೆ ಫೋನ್ ಮಾಡಿ ಒಪ್ಪಿಸಿ, ಆಮೇಲೆ ಆ ಮನೆಗೆ ತಿಳಿಸಿ. ಸುಮ್ನೆ ತಪ್ಪಿಸಬೇಡಿ. ಆ ಎರಡು ಗಂಟೆಗೆ ಅಂತ ಅವಳು ಸೀರೆ ಬದಲಿಸಿ ಕಾಯುತ್ತಿರುತ್ತಾಳೆ. ನಮ್ಮ ಪ್ರಾರ್ಥನೆ ನಿಮ್ಮ ಜೊತೆ ಇದೆ ಅಂತ ಈ ಪುಸ್ತಕದಲ್ಲಿ ಬರೆಯಬೇಡಿ, ಪ್ರಾರ್ಥನೆಯ ಪುಸ್ತಕ ಬೇರೆ ಇದೆ, ಅದು ಸಭಾಪಾಲಕರ ಹತ್ತಿರ ಇದೆ. ಪೆನ್ನಿಗೆ ದಾರ ಕಟ್ಟಿದ್ದೇನೆ, ಹೋದ ಸಲದ ಪೆನ್ನು ಯಾರೋ ತಗೊಂಡು ಹೋದರು.